ಯಾರಿಗೆ ಎಂಬ ಖಾನೆ

ಸೊಲ್ಲು ಮನೆಗೆ ಬಂದ ಮೊದಲ ದಿನವೇ ಶಿವಗಂಗವ್ವನಿಗೂ ಅದಕ್ಕೂ ಜಟಾಪಟಿಯಾಯಿತು.

ಮಧ್ಯಾಹ್ನದ ರೊಟ್ಟಿ ಬಡಿದು ಮುಗಿದಿತ್ತು. ಅಡುಗೆಮನೆಯ ಕಪಾಟಿನ ಮೇಲೆ ಕುಂಕುಮದ ಭರಣಿಯಷ್ಟಿದ್ದ ಆ ಕರಿಯ ಡಬ್ಬಿಯ ಕಡೆ ಮುಖ ಮಾಡಿ, ಸೊಸೆ ಹೇಳಿಕೊಟ್ಟ ಹಾಗೆ ಆಕೆ ಅಂದಳು: "ಸೊಲ್ಲವ್ವಾ, ಅವರಿಗೆ ಊಟಕ್ಕ ಬರಾಕ ಹೇಳು."

"ಯಾರಿಗೆ ಹೇಳಲಿ?" ಎಂದಿತು ಸೊಲ್ಲು.

"ಅವರಿಗೆ."

"ಯಾವ ಅವರಿಗೆ?"

"ಅವರಿಗವಾ. ನಮ್ಮನಿಯವರಿಗೆ."

"ನಿಮ್ಮ ಮನೆಯಲ್ಲಿ ನಿಮ್ಮನ್ನು ಬಿಟ್ಟು ಮೂವರಿದ್ದಾರೆ. ದಯವಿಟ್ಟು ಹೆಸರು ಹೇಳಿ."

ಶಿವಗಂಗವ್ವ ಸೆರಗಿನಿಂದ ಹಣೆ ಒರೆಸಿಕೊಂಡು ಸೊಸೆಯ ಕಡೆ ನೋಡಿದಳು. ದಾಕ್ಷಾಯಣಿ ತಾಟು ಇಡುತ್ತ ನಗು ತಡೆದುಕೊಳ್ಳುತ್ತಿದ್ದಳು.

"ಹೆಸರು ಹೇಳಬೇಕಂತ ನೋಡು ಇದಕ್ಕ. ನಲವತ್ತ ವರ್ಷ ಹೇಳಲಾರದ್ದು ಈಗ ಈ ಡಬ್ಬಿ ಮುಂದ ಹೇಳಲೇನು?" ಎನ್ನುತ್ತ ಆಕೆ ಗ್ಯಾಲರಿಗೆ ಹೋಗಿ, ಕಟಾಂಜನದ ಕಂಬಿ ಹಿಡಿದು ಕೆಳಗೆ ಬಗ್ಗಿದಳು. ಜಿನೆಯ ಮೆಟ್ಟಿಲುಗಳ ಬುಡದಲ್ಲಿ ಗಂಡ ಯಾರದೋ ಮಿಕ್ಸರು ಬಿಚ್ಚಿಕೊಂಡು ಕೂತಿದ್ದ. "ಕೇಳಸ್ತೇನ್ರೀ... ಊಟಕ್ಕ ಹೊತ್ತಾತು. ಕೈ ತೊಳಕೊಂಡು ಬರ್ರಿ."

"ಬಂದ್ನಿ" ಎಂಬ ದನಿ ಕೆಳಗಿನಿಂದ ಬಂತು. ಅದರ ಹಿಂದೆಯೇ ನಲ್ಲಿಯ ನೀರಿನ ಸಪ್ಪಳ. ಗುರುಪಾದಪ್ಪ ದುರ್ಗದ ಬೈಲಿನ ಹತ್ತಿರ ಮೂವತ್ತೆಂಟು ವರ್ಷ ರೇಡಿಯೋ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದವನು. ಬೆಸುಗೆಯ ಸೀಸ ಹತ್ತಿದ ಕೈಯಲ್ಲಿ ಒಂದು ತುತ್ತನ್ನೂ ಮುಟ್ಟಗೊಡುತ್ತಿರಲಿಲ್ಲ ಹೆಂಡತಿ. ಅಂಗಡಿ ಮುಚ್ಚಿ ವರ್ಷಗಳಾದರೂ ಊಟದ ಕರೆಯ ಬಾಲವಾಗಿ ಕೈ ತೊಳೆಯುವ ಮಾತು ಉಳಿದುಬಿಟ್ಟಿತ್ತು.

ದಾಕ್ಷಾಯಣಿ ಮಾತ್ರ ಊಟ ಮಾಡುವಾಗಲೂ ಸೊಲ್ಲು ಹೆಸರು ಕೇಳಿದ್ದನ್ನೇ ಯೋಚಿಸುತ್ತಿದ್ದಳು. ಆ ಡಬ್ಬಿಯೊಳಗಿನ ಮಾತುಗಾರಿಕೆ ಅವಳ ಹೊಟ್ಟೆಪಾಡು.

ಫೋನಿನ ಪರದೆಯ ಮೇಲೆ ಸಾಲುಸಾಲಾಗಿ ಕೂತಿರುತ್ತಿದ್ದ ಆ್ಯಪುಗಳ ಚೌಕಗಳು ಮಾಯವಾಗಿ ಆಗಲೇ ಮೂರು ವರ್ಷವಾಗಿತ್ತು. ಆ್ಯಪುಗಳೇನೂ ಎಲ್ಲಿಗೂ ಹೋಗಿರಲಿಲ್ಲ. ಹಾಲಿನದು, ಗ್ಯಾಸಿನದು, ಆಟೋದ್ದು, ಆಸ್ಪತ್ರೆಯದು, ಬಸ್ಸಿನದು ಎಲ್ಲವೂ ಇದ್ದವು. ಒಂದೊಂದರ ಬಾಗಿಲನ್ನೂ ಬೆರಳಿನಿಂದ ತಟ್ಟುವ ಕೆಲಸ ಮಾತ್ರ ಜನರಿಗೆ ತಪ್ಪಿತ್ತು. ಜನ ಬಾಯಲ್ಲಿ ಹೇಳುತ್ತಿದ್ದರು, ಸೊಲ್ಲು ಹೋಗಿ ತಟ್ಟುತ್ತಿತ್ತು. ಹಾಗೆ ಆ್ಯಪುಗಳಿಗೂ ಸೊಲ್ಲಿಗೂ ನಡುವೆ ಕೊಂಡಿ ಹಾಕುವವರು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಹದಿನಾರು ಜನ. ಅವರಲ್ಲಿ ದಾಕ್ಷಾಯಣಿ ಒಬ್ಬಳು.

ಕೊಂಡಿಯ ಕೆಲಸ ಕೇಳಲಿಕ್ಕೆ ದೊಡ್ಡದು, ತಿಳಿದುಕೊಂಡರೆ ಸರಳ. ಪ್ರತಿ ಆ್ಯಪೂ ತನಗೆ ಬೇಕಾದ ವಿಷಯಗಳ ಪಟ್ಟಿ ಕೊಡುತ್ತದೆ. ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆಗೊಂದು, ಜೀರಿಗೆಗೊಂದು ಖಾನೆಯಿದ್ದ ಹಾಗೆ ಅದರಲ್ಲಿ ಏನು, ಯಾರಿಗೆ, ಎಲ್ಲಿ, ಯಾವಾಗ ಎಂಬ ಖಾನೆಗಳು. ಮನುಷ್ಯರು ಹೇಗಾದರೂ ಮಾತಾಡಲಿ, ಸೊಲ್ಲು ಅದನ್ನು ಬಿಡಿಸಿ ಖಾನೆಗಳಿಗೆ ತುಂಬುತ್ತದೆ. ತುಂಬಿದ ಮೇಲೆ ಆಡಿದ ಮಾತನ್ನು ಅಲ್ಲೇ ಅಳಿಸಿಬಿಡುತ್ತದೆ. ಒಬ್ಬರಿಗೊಬ್ಬರು ಫೋನಿನಲ್ಲಿ ಮಾತಾಡುವುದು ಬೇರೆ, ಆದರೆ ಆ್ಯಪುಗಳ ಕೈಗೆ ಒಪ್ಪಿಗೆಯಿಲ್ಲದೆ ಯಾರ ದನಿಯೂ ಸಿಗಬಾರದೆಂದು ಆ ಕಾಲದಲ್ಲಿ ಕಾಯಿದೆಯೇ ಇತ್ತು. ಆಚೆ ಹೋಗುವುದು ತುಂಬಿದ ಖಾನೆಗಳು ಮಾತ್ರ. ಆ ತುದಿಯಲ್ಲಿ ಅದನ್ನು ಓದಿ ಹೇಳುವುದು ಸೊಲ್ಲಿನದೇ ಅಚ್ಚುಕಟ್ಟಾದ ದನಿ.

ಮರುದಿನ ದಾಕ್ಷಾಯಣಿ ಅತ್ತೆಯ ಕಥೆಯನ್ನು ಕಚೇರಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಆಮೇಲೆ ಪಕ್ಕದ ಮೇಜಿನ ಇಮ್ತಿಯಾಜ್ ಅಂದ: "ನಗೂದೇನೈತ್ರಿ ಮೇಡಂ. ನಮ್ಮ ಅಮ್ಮೀನೂ ಅಬ್ಬಾರ ಹೆಸರು ಹೇಳಂಗಿಲ್ಲ. ಅದಕ್ಕ ಅವರು ಸೊಲ್ಲನ್ನ ಮಾತಾಡ್ಸೂದ ಬಿಟ್ಟಾರ." ಆ ಮಾತು ಅವಳಿಗೆ ನಾಟಿತು. ಅಂಕಿಅಂಶ ತೆಗೆದು ನೋಡಿದರೆ, ಐವತ್ತು ದಾಟಿದ ಹೆಂಗಸರು ಅರ್ಧಕ್ಕೆ ಬಿಟ್ಟ ಮಾತುಗಳಲ್ಲಿ ಹೆಚ್ಚಿನವು 'ಯಾರಿಗೆ' ಎಂಬ ಖಾನೆಯ ಹತ್ತಿರವೇ ನಿಂತಿದ್ದವು.

ಅವಳು ಒಂದು ವಾರ ಕೂತು ಉಪಾಯ ಹುಡುಕಿದಳು. ಮನೆಗೊಂದು ಸಲ ಯಾರಾದರೂ ಕಿರಿಯರು ಸೊಲ್ಲಿಗೆ ಹೇಳಿಕೊಟ್ಟರೆ ಸಾಕು. 'ಅವರು', 'ನಮ್ಮನಿಯವರು', 'ಇವರು', ಏನೇ ಅನ್ನಲಿ, ಸೊಲ್ಲು ತಾನೇ ಹೆಸರು ತುಂಬಿಕೊಳ್ಳುತ್ತದೆ. ಹೆಂಗಸರು ನಾಲಿಗೆ ನೋಯಿಸಿಕೊಳ್ಳಬೇಕಾಗಿಲ್ಲ, ಅವರ ಪರವಾಗಿ ಯಂತ್ರವೇ ಹೆಸರು ಹೇಳುತ್ತದೆ. ಯಾವ ಆ್ಯಪಿಗೂ ಗೊಂದಲವಾಗದಿರಲೆಂದು ಆ ಖಾನೆಗೆ ಕಡ್ಡಾಯ ಎಂಬ ಗುರುತನ್ನೂ ಹಾಕಿದಳು. ಹೆಸರಿಲ್ಲದೆ ಒಂದು ಮಾತೂ ಆಚೆ ಹೋಗುವಂತಿರಲಿಲ್ಲ. ಎರಡು ತಿಂಗಳಲ್ಲಿ ಅದು ರಾಜ್ಯದ ಎಲ್ಲ ಸೊಲ್ಲುಗಳಿಗೂ ಹೋಯಿತು. ಕಂಪನಿ ಅವಳನ್ನು ಕರೆದು ಶಾಲು ಹೊದೆಸಿ ಹೂಗುಚ್ಛ ಕೊಟ್ಟಿತು. ಹೂಗುಚ್ಛವನ್ನು ಮನೆಗೆ ತಂದು ಅತ್ತೆಯ ಕೈಗೆ ಕೊಟ್ಟಳು.

ಅಂದಿನಿಂದ ಶಿವಗಂಗವ್ವನಿಗೂ ಸೊಲ್ಲಿಗೂ ಗೆಳೆತನವಾಯಿತು. "ಸೊಲ್ಲವ್ವಾ, ಅವರಿಗೆ ಚಾ ಆರ್ತೈತಿ ಅಂತ ಹೇಳು" ಎಂದರೆ ಸಾಕು, ಜಿನೆಯ ಬುಡದ ಇನ್ನೊಂದು ಡಬ್ಬಿಯಿಂದ ದನಿ ಬರುತ್ತಿತ್ತು: "ಗುರುಪಾದಪ್ಪನವರೇ, ನಿಮ್ಮ ಚಹಾ ಸಿದ್ಧವಾಗಿದೆ." ಗುರುಪಾದಪ್ಪ ಒಮ್ಮೊಮ್ಮೆ ಬರುತ್ತಿದ್ದ, ಒಮ್ಮೊಮ್ಮೆ ಬರುತ್ತಿರಲಿಲ್ಲ. ಮಿಕ್ಸರಿನ ಗುಂಗಿನಲ್ಲಿದ್ದಾರೆ ಎಂದುಕೊಂಡು ಆಕೆ ಚಹಾವನ್ನು ಕೆಳಗೇ ಒಯ್ದು ಕೊಡುತ್ತಿದ್ದಳು.

ಗುಂಗಲ್ಲ ಎಂದು ತಿಳಿಯಲಿಕ್ಕೆ ವರ್ಷ ಬೇಕಾಯಿತು.

ಮೊದಲು ಸ್ಕ್ರೂಗಳು ಉಳಿದವು. ಬಿಚ್ಚಿದ್ದನ್ನು ಜೋಡಿಸಿದ ಮೇಲೆ ಬಾಟಲಿಯ ಮುಚ್ಚಳದಲ್ಲಿ ಎರಡು ಮೂರು ಸ್ಕ್ರೂ ಉಳಿದಿರುತ್ತಿದ್ದವು. ಅಂಥ ಮನುಷ್ಯನಲ್ಲ ಅವನು. ಆಮೇಲೆ ಓಣಿಯ ದಾರಿ ಮರೆಯಿತು, ಆಮೇಲೆ ದಿನ, ತಿಂಗಳು. ಕೊನೆಗೆ ಮಗ ವಿರೂಪಾಕ್ಷ ರಜೆ ಹಾಕಿ, ಹೆಂಡತಿ, ತಾಯಿ ಎಲ್ಲರನ್ನೂ ಕೂಡಿಸಿಕೊಂಡು ಆಸ್ಪತ್ರೆಗೆ ಹೊರಟ. ಅವನು ಕುಂದಗೋಳದಲ್ಲಿ ಹೈಸ್ಕೂಲು ಮಾಸ್ತರ. ಹೆಂಡತಿ ಅವನನ್ನು ವಿರು ಎಂದೇ ಕರೆಯುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಶಿವಗಂಗವ್ವ ಅದನ್ನು ಕೇಳಿದಾಗಲೆಲ್ಲ ಬೇರೆ ಕೋಣೆಗೆ ಎದ್ದು ಹೋಗುತ್ತಿದ್ದಳಂತೆ. ಈಗ ರೂಢಿಯಾಗಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುರ್ಚಿ ಎಳೆದುಕೊಂಡು ಎದುರು ಕೂತು, "ಅಜ್ಜಾರ, ನಿಮ್ಮ ಹೆಸರೇನ್ರಿ?" ಎಂದು ಕೇಳಿದರು.

ಗುರುಪಾದಪ್ಪ ಬಹಳ ಹೊತ್ತು ಹುಡುಕಿ, "ಅಪ್ಪಿ" ಎಂದ.

ಡಾಕ್ಟರು ಶಿವಗಂಗವ್ವನ ಕಡೆ ನೋಡಿದರು. ಶಿವಗಂಗವ್ವ ಸೊಸೆಯ ಕಡೆ ನೋಡಿದಳು. "ಗುರುಪಾದಪ್ಪ ಅಂತ್ರಿ" ಎಂದು ದಾಕ್ಷಾಯಣಿ ಹೇಳಿದಳು. ಡಾಕ್ಟರು ಕಾಗದದ ಮೇಲೆ ಏನೋ ಗುರುತು ಹಾಕಿಕೊಂಡರು. ಮರೆವಿನ ಕಾಯಿಲೆ, ಹಿಂದಕ್ಕೆ ಹಿಂದಕ್ಕೆ ಹೋಗುತ್ತದೆ, ಹೊಸದು ಮೊದಲು ಅಳಿಸುತ್ತದೆ ಎಂದು ಸಮಾಧಾನದಿಂದ ತಿಳಿಸಿ ಹೇಳಿದರು. ಸಕ್ಕರೆ ಕಾಯಿಲೆಯೂ ಇರುವುದರಿಂದ ಬೆಳಿಗ್ಗೆ ಇನ್ಸುಲಿನ್ ಚುಚ್ಚಿದ ಮೇಲೆ ಮಧ್ಯಾಹ್ನ ಹನ್ನೆರಡೂವರೆಗೆ ಊಟವಾಗಲೇಬೇಕು, ಒಂದೂವರೆ ದಾಟಗೊಡಬೇಡಿ, ಸಕ್ಕರೆ ಇಳಿದರೆ ಎಲ್ಲೆಂದರಲ್ಲಿ ಕುಸಿದು ಬೀಳುತ್ತಾರೆ, ಜೀವಕ್ಕೆ ಅಪಾಯ ಎಂದರು. ದಾಕ್ಷಾಯಣಿ ಎಲ್ಲವನ್ನೂ ಸೊಲ್ಲಿಗೆ ತುಂಬಿದಳು. ಮಾವ ಎಲ್ಲಿದ್ದಾನೆಂದು ತೋರಿಸುವ ಕೈಗಡಿಯಾರವನ್ನೂ ತಂದು ಕಟ್ಟಿದಳು.

ಗುರುಪಾದಪ್ಪನಿಗೆ ಸೊಲ್ಲಿನ ಮೇಲೆ ಸಿಟ್ಟೇನೂ ಇರಲಿಲ್ಲ, ಕುತೂಹಲವಿತ್ತು. ಒಂದು ಸಂಜೆ ಡಬ್ಬಿಯನ್ನು ಕಿವಿಗೆ ಹಿಡಿದುಕೊಂಡು ಅಲುಗಿಸಿ ನೋಡುತ್ತಿದ್ದ.

"ಏನ್ ಹುಡುಕಾಕತ್ತೀರಿ ಮಾವಾರ?" ಎಂದು ದಾಕ್ಷಾಯಣಿ ಪಕ್ಕದಲ್ಲಿ ಕೂತಳು.

"ಎರಡ ಇಂಚಿನ ಸ್ಪೀಕರು. ದನಿ ಚಲೋ ಐತಿ. ಖರೇ ಅಂದ್ರ ಎಲ್ಲಿಂದ ಬರ್ತೈತೋ ಸಿಗವಲ್ದು" ಎಂದ. ಮತ್ತೆ ಕಿವಿಗೆ ಹಿಡಿದು, "ಉಸಿರಿಲ್ಲ ನೋಡು ಇದಕ್ಕ. ರೇಡಿಯೋದಾಗ ಮಾತಾಡೋರು ನಡುವ ಉಸಿರು ತಗೋತಿದ್ರು. ನಮಗ ಕೇಳಸ್ತಿತ್ತು" ಎಂದು ಡಬ್ಬಿಯನ್ನು ಮೊದಲಿದ್ದಲ್ಲೇ ಇಟ್ಟ. ದಾಕ್ಷಾಯಣಿ ಅದನ್ನು ಮುದುಕರ ಮಾತು ಎಂದುಕೊಂಡಳು. ಆಮೇಲೆ ಅದಕ್ಕಾಗಿ ಬಹಳ ನೊಂದುಕೊಂಡಳು.

ಒಂದು ಮಂಗಳವಾರ, ಊಟದ ಹೊತ್ತಿಗೆ ತಿರುಗಿ ಬರುವ ಲೆಕ್ಕ ಹಾಕಿಕೊಂಡು, ಶಿವಗಂಗವ್ವ ಗಂಡನನ್ನು ಕರೆದುಕೊಂಡು ದುರ್ಗದ ಬೈಲಿಗೆ ಹೋಗಿದ್ದಳು. ಹಳೆಯ ಜಾಗ, ಹಳೆಯ ಮಂದಿ ಕಂಡರೆ ಅವನ ಮುಖ ಅರಳುತ್ತಿತ್ತು. ಪಾತ್ರೆ ಅಂಗಡಿಯಲ್ಲಿ ಕುಕ್ಕರಿನ ರಬ್ಬರು ಹಾಕಿಸಿ, ಮುಚ್ಚಳ ಕೂತಿತೋ ಇಲ್ಲವೋ ನೋಡಿ ತಿರುಗುವಷ್ಟರಲ್ಲಿ ಪಕ್ಕದಲ್ಲಿ ಗಂಡ ಇರಲಿಲ್ಲ.

ಆಕೆ ಆ ಕಡೆ ನಾಲ್ಕು ಅಂಗಡಿ, ಈ ಕಡೆ ನಾಲ್ಕು ಅಂಗಡಿ ನೋಡಿ, ಚೀಲದಿಂದ ಫೋನು ತೆಗೆದಳು. "ಸೊಲ್ಲವ್ವಾ, ಅವರು ಕಾಣವಲ್ರು."

ಸೊಲ್ಲು ಅಂದು ಮಾಡಿದ ಕೆಲಸಕ್ಕೆ ಹೆಸರಿಡುವಂತಿರಲಿಲ್ಲ. 'ಅವರು' ಎಂದರೆ ಗುರುಪಾದಪ್ಪ ಎಂದು ತಿಳಿಯಿತು. ದಾಕ್ಷಾಯಣಿಗೆ, ವಿರೂಪಾಕ್ಷನಿಗೆ, ಪೊಲೀಸರಿಗೆ ಸುದ್ದಿ ಕೊಟ್ಟಿತು. ಸುತ್ತಲಿನ ಆಟೋಗಳಿಗೆ ಹೇಳಿತು, ಬೀದಿಯ ಅಂಗಡಿಗಳಿಗೆ ಹೇಳಿತು. ಔಷಧಿಯ ಆ್ಯಪಿನಿಂದ ಇನ್ಸುಲಿನ್ನಿನ ಹೊತ್ತನ್ನು ತಂದು, ಒಂದೂವರೆಯ ಒಳಗೆ ಸಿಗಲೇಬೇಕೆಂದು ಎಲ್ಲರಿಗೂ ತಿಳಿಸಿತು. ಇಷ್ಟಕ್ಕೆ ನಾಲ್ಕು ನಿಮಿಷ.

ದಾಕ್ಷಾಯಣಿ ಕಚೇರಿಯ ದೊಡ್ಡ ಪರದೆಯ ಮುಂದೆ ನಿಂತಾಗ ಹನ್ನೆರಡು ಮುಕ್ಕಾಲು. ಕೈಗಡಿಯಾರದ ಗುರುತು ಮನೆಯಲ್ಲೇ ಮಿನುಗುತ್ತಿತ್ತು. ಬೆಳಿಗ್ಗೆ ಅವನು ಅದರ ಬೆನ್ನು ಬಿಚ್ಚಿ ಒಳಗೇನಿದೆ ಎಂದು ನೋಡಿ ಬಸಿಯಲ್ಲಿ ಇಟ್ಟಿದ್ದನ್ನು ಆಗ ನೆನೆದಳು. ಕ್ಯಾಮರಾಗಳಲ್ಲಿ ಮುಖ ಹುಡುಕುವುದಕ್ಕೂ ಕಾಯಿದೆಯ ತಡೆಯಿತ್ತು. ಇನ್ನುಳಿದದ್ದು ಜನರ ಕಣ್ಣು, ಮತ್ತು ಕರೆ.

ಒಂದಕ್ಕೆ ಐದು ನಿಮಿಷವಿದ್ದಾಗ ಒಬ್ಬ ಆಟೋದವನು ಹೇಳಿದ: ಬಿಳಿ ಅಂಗಿ, ಬಗಲಲ್ಲಿ ಖಾಕಿ ಚೀಲ, ಅಂಥವರೊಬ್ಬರು ಹಳೇ ಬಸ್‌ಸ್ಟ್ಯಾಂಡಿನೊಳಗೆ ಹೋದದ್ದನ್ನು ಕಂಡೆ. ಅಂಗಡಿಯ ದಿನಗಳ ಆ ಚೀಲವನ್ನು ಮಾವ ಇನ್ನೂ ಬಿಟ್ಟಿರಲಿಲ್ಲ. ದಾಕ್ಷಾಯಣಿಗೆ ಜೀವ ಬಂತು. ಬಸ್‌ಸ್ಟ್ಯಾಂಡಿನ ಕೊಂಡಿಯನ್ನು ಹಾಕಿದವಳು ಅವಳೇ. ಅಲ್ಲಿನ ಇಪ್ಪತ್ತೆಂಟು ಸ್ಪೀಕರುಗಳಲ್ಲೂ ಸೊಲ್ಲಿನ ದನಿ ಹೊರಟಿತು. "ಗುರುಪಾದಪ್ಪನವರೇ, ನೀವು ಎಲ್ಲಿದ್ದರೂ ವಿಚಾರಣೆ ಕೌಂಟರಿಗೆ ಬನ್ನಿ. ನಿಮ್ಮ ಮನೆಯವರು ಕಾಯುತ್ತಿದ್ದಾರೆ."

ಯಾರೂ ಬರಲಿಲ್ಲ.

ಐದು ನಿಮಿಷಕ್ಕೊಮ್ಮೆ, ಆಮೇಲೆ ಎರಡು ನಿಮಿಷಕ್ಕೊಮ್ಮೆ ಕರೆದರು. ಅಲ್ಲಿನ ಕಂಟ್ರೋಲರ್ ಮಲ್ಲನಗೌಡ ತಾನೇ ಎದ್ದು ಮೊದಲ ಮೂರು ಪ್ಲಾಟ್‌ಫಾರಂ ಸುತ್ತಿ ಬಂದು ಫೋನಿನಲ್ಲಿ ಹೇಳಿದ: "ಮೇಡಂ, ಸಂತಿ ದಿನ. ಎರಡ್ ಸಾವಿರ ಮಂದಿ ಅದಾರ. ಬಿಳಿ ಅಂಗಿ ಹಿರೇರು ನೂರಾರು. ಕೇಳಿದ್ರ ಎಲ್ಲಾರೂ ಅಲ್ಲ ಅಂತಾರ."

ಒಂದು ಗಂಟೆ ಹತ್ತು ನಿಮಿಷವಾಯಿತು. ಇಮ್ತಿಯಾಜ್ ನೀರು ತಂದುಕೊಟ್ಟ. ಅವಳು ಕುಡಿಯಲಿಲ್ಲ. ಪರದೆಯ ಮೇಲೆ ಜನರಿಂದ ಬಂದ ಉತ್ತರಗಳು ಇಳಿಯುತ್ತಿದ್ದವು. ಹೆಸರು ಹೊಂದಿದ್ದನ್ನು ಸೊಲ್ಲು ಮೇಲಿಡುತ್ತಿತ್ತು, ಹೊಂದದ್ದನ್ನು ತಳಕ್ಕೆ ಹಾಕುತ್ತಿತ್ತು. ಮೇಲೆ ಒಂದೂ ಇರಲಿಲ್ಲ. ಬೇರೇನೂ ತೋಚದೆ ದಾಕ್ಷಾಯಣಿ ತಳದ ರಾಶಿಯನ್ನು ಓದತೊಡಗಿದಳು. ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಹುಸೇನಬಿ ಎಂಬಾಕೆಯ ಉತ್ತರ ಹೀಗಿತ್ತು: 'ಬಿಳಿ ಅಂಗಿ, ಖಾಕಿ ಚೀಲ, ಹಿರಿಯರು. ಹೆಸರು: ಹೊಂದಲಿಲ್ಲ.'

ಅವಳು ಸೊಲ್ಲನ್ನು ಬಿಟ್ಟು ನೇರವಾಗಿ ಫೋನು ಹಚ್ಚಿದಳು. "ಅಮ್ಮಾರ, ನೀವು ಕಂಡ ಹಿರೇರು ಏನಂದ್ರು? ಅವರಂದದ್ದನ್ನ ಇದ್ದಂಗ ಹೇಳ್ರಿ."

"ಗುರುಪಾದಪ್ಪ ಅಂದ್ರ ನೀವೇನ್ರಿ ಅಂತ ಕೇಳಿದ್ನಿ ಯವ್ವಾ" ಎಂದಳು ಹುಸೇನಬಿ. "ಅಲ್ಲವಾ, ಅಂವ ನಮ್ಮಜ್ಜ ಅಂದ್ರು. ಅಜ್ಜನ್ನ ಕರಿಯಾಕತ್ತಾರ, ಈಗ ಬರ್ತಾನ, ಇಬ್ರೂ ಕೂಡೇ ನವಲಗುಂದ ಬಸ್ಸಿಗೆ ಹೋಗ್ತೀವಿ ಅಂದ್ರು. ಕೈ ನಡಗಾಕತ್ತಿತ್ತು. ಒಂದ್ ಹಣ್ಣು ಕೊಟ್ನಿ. ಅಜ್ಜ ಬಂದ ಮ್ಯಾಲೆ ತಿಂತೀನಿ ಅಂತ ಕೈಯಾಗ ಹಿಡಕೊಂಡು ಆ ಕಡೆ ಹ್ವಾದ್ರು. ಗದ್ದಲದಾಗ ಮತ್ತ ಕಾಣಲಿಲ್ಲ."

ದಾಕ್ಷಾಯಣಿ ಕೂಡಲೇ ಅತ್ತೆಗೆ ಫೋನು ಮಾಡಿದಳು. ಶಿವಗಂಗವ್ವ ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದ ಆಟೋದಲ್ಲಿ, ಗದ್ದಲದ ನಡುವೆ ಸಿಕ್ಕಿಬಿದ್ದಿದ್ದಳು.

"ಅತ್ತಿ, ಮಾವಾರ ಅಜ್ಜನ ಹೆಸರೇನು?"

ಆಕೆ ಫೋನನ್ನು ಬಾಯಿಗೆ ಹತ್ತಿರ ತಂದುಕೊಂಡಳು. ಆಮೇಲೆ, "ಅದ ಹೆಸರವಾ. ಅಜ್ಜ ತೀರಿದ ವರ್ಷ ಇವರು ಹುಟ್ಟಿದ್ರು. ಅವರ ಹೆಸರ ಇಟ್ರು" ಎಂದಳು. "ಅಜ್ಜನ ಕಥಿ ಕೇಳಿ ಕೇಳಿ ಅವರನ್ನ ಖರೇನ ಕಂಡಂಗ ಮಾತಾಡ್ತಾರ ಈಗೀಗ."

"ಮನ್ಯಾಗ ಅವರನ್ನ ಏನಂತ ಕರೀತಿದ್ರು?"

"ನಮ್ಮ ಅತ್ತಿ ಆ ಹೆಸರು ಹೆಂಗ ಹಿಡದಾರು ದಾಕ್ಷಿ? ಅವರ ಮಾವನ ಹೆಸರಲ್ಲೇನು? ಅಪ್ಪಿ ಅಂತಿದ್ರು. ನಾ ಬಂದ ಮ್ಯಾಲೆ ನಾನೂ ಹೆಸರು ಹಿಡೀಲಿಲ್ಲ. ಮಕ್ಕಳು ಅಪ್ಪಾ ಅಂದ್ರು, ನೀ ಮಾವಾರ ಅಂದಿ. ಸಾಲಿ ರಜಿಸ್ಟರಿನ್ಯಾಗ, ಅಂಗಡಿ ಬೋರ್ಡಿನ ಮ್ಯಾಲೆ ಇತ್ತು ಆ ಹೆಸರು. ನಮ್ಮ ಮನ್ಯಾಗ ಯಾರ ಬಾಯಾಗೂ ಇದ್ದಿದ್ದಿಲ್ಲ."

ದಾಕ್ಷಾಯಣಿ ಮೇಜಿನ ಅಂಚು ಹಿಡಿದುಕೊಂಡಳು. ಆ ಹೆಸರನ್ನು ಮನೆಯೊಳಗೆ ತಂದವಳು ತಾನು. ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದ ಮನುಷ್ಯ ಬೋರ್ಡಿನ ಮೇಲಿನ ಆ ಹೆಸರನ್ನು ಎಂದೋ ದಾಟಿ ಹೋಗಿದ್ದ. ತಾವೆಲ್ಲ ಇಪ್ಪತ್ತೆಂಟು ಸ್ಪೀಕರು ಹಚ್ಚಿ ತೀರಿಹೋದವನನ್ನು ಕೂಗುತ್ತಿದ್ದರು. ಮೊಮ್ಮಗ ಹಸಿದುಕೊಂಡು, ಕೈಯಲ್ಲಿ ಹಣ್ಣು ಹಿಡಿದುಕೊಂಡು ಅವನಿಗಾಗಿ ಕಾಯುತ್ತಿದ್ದ. ಕರೆದಷ್ಟೂ ಅವನು ಕಾಯುತ್ತಾನೆ.

"ಅತ್ತಿ, ನೀವು ಕರೀರಿ" ಎಂದಳು. "ದಿನಾ ಹೆಂಗ ಕರೀತಿದ್ರಿ ಹಂಗ. ನಿಮ್ಮ ದನಿನೇ ಬಸ್‌ಸ್ಟ್ಯಾಂಡಿಗೆ ಕಳಸ್ತೀನಿ."

ಇಮ್ತಿಯಾಜ್ ಆಗಲೇ ಕೊಂಡಿಯನ್ನು ತೆರೆದು ಕೂತಿದ್ದ. "ದನಿ ಹೊರಗ ಬಿಡೂದಕ್ಕ ಅವರ ಒಪ್ಪಿಗಿ ಬೇಕ್ರಿ, ಅವರ ಬಾಯಲೇ. ಅದು ಆಗ್ತೈತಿ. ಇನ್ನೊಂದು ಐತಿ ನೋಡ್ರಿ. ಹೆಸರಿನ ಖಾನೆ ಖಾಲಿ ಇದ್ರ ಕೊಂಡಿ ತಗೊಳ್ಳೂದಿಲ್ಲ. ತುಂಬಿದ್ರ ಸೊಲ್ಲು ಮೊದಲು ಹೆಸರ ಓದ್ತೈತಿ."

ಕಡ್ಡಾಯ ಎಂಬ ಆ ಗುರುತು ಹಾಕಿದ್ದಕ್ಕೆ ಅವಳಿಗೆ ಶಾಲು ಹೊದೆಸಿದ್ದರು. ಈಗ ಅವಳೇ ಬಗ್ಗಿ ಅದನ್ನು ಅಳಿಸಿದಳು. ಅವಸರಕ್ಕೆ ಎರಡು ಸಲ ತಪ್ಪು ಒತ್ತಿದಳು. ಮೂರನೆಯ ಸಲ ಖಾನೆ ಖಾಲಿ ಉಳಿಯಿತು.

"ನಿಮ್ಮ ದನಿಯನ್ನೇ ಕಳುಹಿಸಲೇ?" ಎಂದು ಸೊಲ್ಲು ಶಿವಗಂಗವ್ವನನ್ನು ಕೇಳಿತು.

"ಅಷ್ಟು ಮಂದಿ ಮುಂದ ನಾ ಹೆಂಗ ಕರೀಲಿ ದಾಕ್ಷಿ" ಎಂದಳು ಆಕೆ ಸಣ್ಣ ದನಿಯಲ್ಲಿ. "ಎಲ್ಲಾರೂ ಏನ್ ಅಂದಾರು. ನಾಚಿಕಿ ಬರ್ತೈತಿ ನನಗ."

"ಅತ್ತಿ, ಒಂದ್ ಗಂಟಿ ಇಪ್ಪತ್ತೆರಡ ನಿಮಿಷ ಆತು."

ಶಿವಗಂಗವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಆಕೆ, "ಹ್ಞೂಂ, ಕಳಸು ಸೊಲ್ಲವ್ವಾ" ಎಂದಳು.

ಮುಂದೆ ನಡೆದದ್ದನ್ನು ಮಲ್ಲನಗೌಡ ಎಷ್ಟೋ ದಿನ ಕಂಡವರಿಗೆಲ್ಲ ಹೇಳುತ್ತಿದ್ದ. ಇಪ್ಪತ್ತೆಂಟು ಸ್ಪೀಕರುಗಳಲ್ಲಿ ಮೊದಲು ಒಂದು ಉಸಿರು ಕೇಳಿಸಿತು. ಬಳೆಯ ಸಣ್ಣ ಸದ್ದು. ಅದರ ಹಿಂದೆ, ಗ್ಯಾಲರಿಯಿಂದ ಬಗ್ಗಿ ಕರೆದ ಹಾಗೆ, ಸ್ವಲ್ಪ ಎಳೆದ ದನಿ:

"ಕೇಳಸ್ತೇನ್ರೀ... ಊಟಕ್ಕ ಹೊತ್ತಾತು. ಕೈ ತೊಳಕೊಂಡು ಬರ್ರಿ."

ಬಸ್‌ಸ್ಟ್ಯಾಂಡಿನ ಗಂಡಸರೆಲ್ಲ ತಿರುಗಿ ನೋಡಿದರು. ಗಜೇಂದ್ರಗಡದ ಬಸ್ಸು ಹಿಂದಕ್ಕೆ ತೆಗೆಯುತ್ತಿದ್ದ ಡ್ರೈವರು ಬ್ರೇಕು ಹಾಕಿ ತಲೆ ಹೊರಗೆ ಹಾಕಿದ. ಎಲೆ ಅಡಿಕೆ ಜಗಿಯುತ್ತಿದ್ದವರು ಜಗಿಯುವುದನ್ನು ನಿಲ್ಲಿಸಿದರು. ಶಿವಗಂಗವ್ವನ ಮುಂದೆ ಕೂತ ಆಟೋದವನೂ ಒಮ್ಮೆ ಹಿಂದೆ ನೋಡಿದ. ಗೋಕುಲ ರಸ್ತೆಯ ಮೂರನೆಯ ಮಾಳಿಗೆಯಲ್ಲಿ, ಇನ್ನೂ ಮದುವೆಯೂ ಆಗಿರದ ಇಮ್ತಿಯಾಜ್ ಕುರ್ಚಿಯಿಂದ ಅರ್ಧ ಎದ್ದು, ನಾಚಿಕೊಂಡು ಮತ್ತೆ ಕೂತ. ಕೆಲವರು ನಕ್ಕರು, ಕೆಲವರು ಬುತ್ತಿಯ ಗಂಟು ಮುಟ್ಟಿ ನೋಡಿಕೊಂಡರು. ಎಲ್ಲರೂ ಅದು ತಮಗಲ್ಲವೆಂದು ತಿಳಿದು ಮತ್ತೆ ಬಸ್ಸಿನ ಕಡೆ ತಿರುಗಿದರು.

ಒಬ್ಬನನ್ನು ಬಿಟ್ಟು.

"ಮೇಡಂ" ಎಂದ ಮಲ್ಲನಗೌಡ ಫೋನಿನಲ್ಲಿ. ಅವನ ದನಿ ಇಳಿದಿತ್ತು. "ಐದನೇ ಪ್ಲಾಟ್‌ಫಾರಂ ಕಡೀಗೆ ನೀರಿನ ನಳ ಐತಲ್ರಿ. ಅಲ್ಲೊಬ್ರು ಹಿರೇರು ಬಾಳೆಹಣ್ಣು ಬಗಲಾಗ ಇಟ್ಕೊಂಡು ಕೈ ತೊಳ್ಯಾಕತ್ತಾರ. ಬೆರಳ ಸಂದಿ ತಿಕ್ಕಿ ತಿಕ್ಕಿ ತೊಳ್ಯಾಕತ್ತಾರ."

ದಾಕ್ಷಾಯಣಿ ಫೋನನ್ನು ಪಕ್ಕಕ್ಕೆ ಚಾಚಿದಳು. ಅವಳು ಅಳುತ್ತಿದ್ದಳು.

"ಅವರ ಹತ್ರ ಹೋಗ್ರಿ" ಎಂದು ಇಮ್ತಿಯಾಜ್ ಫೋನು ಇಸಿದುಕೊಂಡು ಹೇಳಿದ. "ಹೆಸರು ಕೇಳಬ್ಯಾಡ್ರಿ. ಆ ಹಣ್ಣು ಸುಲದು ಬಾಯಿಗೆ ಕೊಡ್ರಿ. ಅಮ್ಮಾರ ತಿನ್ನಾಕ ಹೇಳ್ಯಾರ ಅನ್ರಿ."

ಗುರುಪಾದಪ್ಪ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಕಂಬದ ಮೇಲಿನ ಸ್ಪೀಕರನ್ನು ತಲೆ ಎತ್ತಿ ನೋಡಿ, "ಬಂದ್ನಿ" ಎಂದು ಅದಕ್ಕೆ ಹೇಳಿದನಂತೆ. ನಡೆಯಲು ಹೊರಟವನು ಎರಡು ಹೆಜ್ಜೆಗೇ ತೊಡರಿದ. ಮಲ್ಲನಗೌಡ ಓಡಿಹೋಗಿ ಹಿಡಿದುಕೊಂಡ. ಬೆವರು ಧಾರೆಯಾಗಿ ಇಳಿಯುತ್ತಿತ್ತು. ಹಣ್ಣು ತಿನ್ನಿಸಿ, ಹುಸೇನಬಿ ಎಲ್ಲಿಂದಲೋ ತಂದ ಸಕ್ಕರೆ ನೀರು ಕುಡಿಸಿ, ಬೆಂಚಿನ ಮೇಲೆ ಒರಗಿಸಿದರು. ಹತ್ತು ನಿಮಿಷ ಕಳೆದು ಶಿವಗಂಗವ್ವ ಬಂದಳು. ಆಕೆ ಪಕ್ಕದಲ್ಲಿ ಕೂತು, ಅವನ ಎರಡೂ ಕೈಗಳನ್ನು ತಿರುಗಿಸಿ ನೋಡಿದಳು. ಒಂದು ಚೂರೂ ಹೊಲಸಿರಲಿಲ್ಲ.

ಸಂಜೆ ಮನೆಯಲ್ಲಿ ಎಲ್ಲರೂ ಇದ್ದರು. ಕುಂದಗೋಳದಿಂದ ಓಡಿಬಂದಿದ್ದ ವಿರೂಪಾಕ್ಷ ತಂದೆಯ ಕಾಲ ಹತ್ತಿರ ಕೂತು ಎದ್ದಿರಲಿಲ್ಲ. ಗುರುಪಾದಪ್ಪ ಗ್ಯಾಲರಿಯಲ್ಲಿ ಕೈಗಡಿಯಾರವನ್ನು ಜೋಡಿಸುತ್ತಿದ್ದ. ಈ ಸಲ ಸ್ಕ್ರೂ ಉಳಿಯಲಿಲ್ಲ. ನಡುವೆ ಒಮ್ಮೆ, "ಅಜ್ಜ ಉಂಡನೇನು?" ಎಂದು ಕೇಳಿದ. "ಉಂಡಾರ್ರಿ, ಮಲಗ್ಯಾರ" ಎಂದಳು ಶಿವಗಂಗವ್ವ, ಹಿಟ್ಟು ನಾದುತ್ತ. ಅವನಿಗೆ ಸಮಾಧಾನವಾಯಿತು.

ದಾಕ್ಷಾಯಣಿ ಒಳಗೆ ಬಂದು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ತಪ್ಪಾತು ಅತ್ತಿ. ನಿಮ್ಮ ಕೆಲಸ ಹಗುರ ಮಾಡಾಕ ಹೋಗಿ, ಅವರನ್ನ ಕರಿಯೂದ ನಿಮ್ಮ ಬಾಯಿಂದ ಕಸಗೊಂಡೆ."

"ಹುಚ್ಚಿ, ನನಗೂ ಹಗುರ ಆಗಿತ್ತಲ್ಲ" ಎಂದಳು ಆಕೆ. "ಗ್ಯಾಲರಿತನಕ ಹೋಗೂದು ತಪ್ಪಿತ್ತು. ನಾಳಿಯಿಂದ ಹೋಗ್ತೀನಿ." ಮತ್ತೆ ಸ್ವಲ್ಪ ನಾದಿ, ಸೊಸೆಯ ಮುಖ ನೋಡದೆ ಅಂದಳು: "ಒಂದ್ ಕೆಲಸ ಮಾಡು. ಇವತ್ತು ನಾ ಕರದಿದ್ದನ್ನ ತಗದಿಡು. ನಾ ಮೊದಲ ಹ್ವಾದ್ರ ಊಟಕ್ಕ ಕರಿಯವ್ರು ಯಾರವರನ್ನ?"

"ಹಂಗ ಯಾಕಂತೀರಿ ಅತ್ತಿ."

"ಇರ್ಲಿ ಬಿಡವಾ. ಇಟ್ರೇನು ಹೊರಿ ಆಗ್ತೈತೇನು."

ಒಪ್ಪಿಗೆಯಿಂದ ಕಳಿಸಿದ ದನಿ ಮಾತ್ರ ಆ ದಿನ ಮುಗಿಯುವತನಕ ಅಳಿಯುತ್ತಿರಲಿಲ್ಲ. ದಾಕ್ಷಾಯಣಿ ಕಪಾಟಿನ ಮೇಲಿನ ಡಬ್ಬಿಗೆ ಮುಖ ಮಾಡಿ, "ಸೊಲ್ಲು, ಅತ್ತೀದು ಮಧ್ಯಾಹ್ನದ ಕರೆ ತಗದಿಡು. ಅವರ ಒಪ್ಪಿಗಿ ಐತಿ" ಎಂದಳು. "ಹೌದವಾ, ಒಪ್ಪಿಗಿ ಐತಿ" ಎಂದು ಹಿಟ್ಟಿನ ಕೈಯಲ್ಲೇ ಶಿವಗಂಗವ್ವ ದನಿಗೂಡಿಸಿದಳು.

"ಇಡುತ್ತೇನೆ" ಎಂದಿತು ಸೊಲ್ಲು. "ಯಾರ ಕರೆ?"

"ಶಿವಗಂಗವ್ವಾರದು."

"ಯಾರಿಗೆ?"

ದಾಕ್ಷಾಯಣಿ ಅತ್ತೆಯ ಕಡೆ ನೋಡಿದಳು. ಶಿವಗಂಗವ್ವ ಗ್ಯಾಲರಿಯ ಕಡೆ ನೋಡುತ್ತಿದ್ದಳು. ಅಲ್ಲಿ ದೀಪದ ಕೆಳಗೆ ಗಂಡ ಗಡಿಯಾರವನ್ನು ಕಿವಿಗೆ ಹಿಡಿದು ಕೂತಿದ್ದ.

"ಅದನ್ನ ಖಾಲಿ ಬಿಡು" ಎಂದಳು ದಾಕ್ಷಾಯಣಿ.

ಸೊಲ್ಲು ಮತ್ತೆ ಕೇಳಲಿಲ್ಲ.